ಬದುಕಿದವರ ಪಾತ್ರ

(ಬದಿಯಡ್ಕ ಸಮೀಪದ ವಾಚನಾಲಯವೊಂದರ ಸಿನಿಮಾ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ವೇದಿಕೆಯಲ್ಲಿರುವ ಹಿರಿಯರಿಗೂ ಪರೀಕ್ಷೆಯ ದಿನಗಳ ನಡುವೆ ಬಿಡುವು ಮಾಡಿಕೊಂಡು ಬಂದಿರುವ ವಿದ್ಯಾರ್ಥಿಗಳಿಗೂ ವಂದನೆಗಳು. ಜೀವನಚರಿತ್ರೆಯ ಚಿತ್ರಗಳಲ್ಲಿನ ಅಭಿನಯದ ಬಗ್ಗೆ ಮಾತನಾಡಬೇಕೆಂದು ಕೂಟದವರು ಕೇಳಿದಾಗ ನಾನು ಕೂಡಲೇ ಒಪ್ಪಿಕೊಂಡೆ. ಜನವರಿಯಲ್ಲಿ ಗೋಲ್ಡನ್ ಗ್ಲೋಬ್, ಫೆಬ್ರವರಿಯಲ್ಲಿ ಬ್ರಿಟನ್ನಿನ ಬಾಫ್ಟಾ, ಮಾರ್ಚಿನಲ್ಲಿ ಆಸ್ಕರ್ ಎಂದು ಒಂದರ ಬೆನ್ನಿಗೆ ಒಂದು ಪ್ರಶಸ್ತಿ ಬರುವ ಈ ತಿಂಗಳುಗಳಲ್ಲಿ, ಪತ್ರಿಕೆಗಳ ಸಿನಿಮಾ ಪುಟಗಳಲ್ಲೂ ನಮ್ಮ ಫೋನುಗಳಲ್ಲೂ ಒಂದು ಬಗೆಯ ಜೋಡಿಚಿತ್ರ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಎಡಗಡೆ ನಿಜವಾಗಿ ಬದುಕಿದ್ದ ವ್ಯಕ್ತಿ, ಬಲಗಡೆ ಅವರ ಪಾತ್ರ ಮಾಡಿದ ನಟ. ಎಷ್ಟೊಂದು ಹೋಲುತ್ತಾರೆ ಎಂದು ನಾವು ಬೆರಗಾಗುತ್ತೇವೆ, ಅಭಿನಯದ ಬಗೆಗಿನ ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ಹಾಗೆ ಮುಗಿಯಬಾರದು ಎಂಬ ಹಂಬಲದಿಂದಲೇ ನಾನು ಇಲ್ಲಿ ನಿಂತಿದ್ದೇನೆ.

ಮೊದಲು ಒಂದು ಲೆಕ್ಕ. 2010ರಿಂದ 2024ರವರೆಗೆ ತೆರೆಕಂಡ ಚಿತ್ರಗಳಿಗೆ ಸಂದ 15 ಅತ್ಯುತ್ತಮ ನಟ ಆಸ್ಕರ್‌ಗಳಲ್ಲಿ 9, ನಿಜವಾಗಿ ಬದುಕಿದ್ದವರ ಪಾತ್ರಗಳಿಗೆ ಸಂದಿವೆ. ದೊರೆ ಆರನೇ ಜಾರ್ಜ್, ಅಬ್ರಹಾಂ ಲಿಂಕನ್, ಸ್ಟೀಫನ್ ಹಾಕಿಂಗ್, ವಿನ್‌ಸ್ಟನ್ ಚರ್ಚಿಲ್, ಗಾಯಕ ಫ್ರೆಡಿ ಮರ್ಕ್ಯುರಿ, ಓಪನ್‌ಹೈಮರ್ ಇವರೆಲ್ಲ ಆ ಪಟ್ಟಿಯಲ್ಲಿದ್ದಾರೆ. ನಟಿಯರ ವಿಭಾಗದಲ್ಲಿ ಇದೇ ಅವಧಿಯ ಸಂಖ್ಯೆ 4. ಆದರೆ ಅದಕ್ಕೆ ಹಿಂದಿನ 10 ವರ್ಷಗಳಲ್ಲಿ ಅವರದು 7 ಆಗಿತ್ತು. ಇದು ಆಕಸ್ಮಿಕವಲ್ಲ. ಆಸ್ಕರ್‌ನಲ್ಲಿ ನಟರ ನಾಮನಿರ್ದೇಶನವನ್ನು ನಟರೇ ಮಾಡುತ್ತಾರಾದರೂ ಕೊನೆಯ ಮತದಾನದಲ್ಲಿ ಛಾಯಾಗ್ರಾಹಕರು, ಸಂಕಲನಕಾರರು, ನಿರ್ಮಾಪಕರು, ಸಂಗೀತಗಾರರು ಎಲ್ಲರೂ ಮತ ಹಾಕುತ್ತಾರೆ. ಕಲ್ಪಿತ ಪಾತ್ರವೊಂದನ್ನು ನಟ ಎಷ್ಟು ಚೆನ್ನಾಗಿ ಕಟ್ಟಿದ ಎಂದು ಹೇಳಲು ಅವರ ಬಳಿ ಹೊರಗಿನ ಅಳತೆಗೋಲು ಏನೂ ಇಲ್ಲ. ಚರ್ಚಿಲ್ಲರ ಪಾತ್ರಕ್ಕಾದರೋ ಛಾಯಾಚಿತ್ರವಿದೆ, ಧ್ವನಿಮುದ್ರಿಕೆಯಿದೆ, ಚುಟ್ಟ ಹಿಡಿಯುವ ಕೈಯ ಚಲನಚಿತ್ರವೂ ಇದೆ. ನಟ ಇಳಿಸಿದ ತೂಕ, ಹಾಕಿದ ಕೃತಕ ಹಲ್ಲು, ಮುಖಕ್ಕೆ ಮೆತ್ತಿಸಿಕೊಂಡ ಪ್ರಸಾಧನ ಎಲ್ಲವೂ ಕಣ್ಣಿಗೆ ಕಾಣುವ ಶ್ರಮ. ಕಾಣುವ ಶ್ರಮಕ್ಕೆ ಮತ ಬೀಳುವುದು ಸಹಜ. ವರ್ಷದ ಕೊನೆಯ ಮೂರು ತಿಂಗಳಲ್ಲಿ ಇಂಥ ಚಿತ್ರಗಳು ಸಾಲುಸಾಲಾಗಿ ಬಿಡುಗಡೆಯಾಗುವುದಕ್ಕೂ ಮತದಾರರ ನೆನಪಿನಲ್ಲಿ ಅವು ಹಸಿಯಾಗಿರಲಿ ಎಂಬ ಲೆಕ್ಕಾಚಾರವೇ ಕಾರಣ.

ನಾನು ಹೇಳಬೇಕೆಂದಿರುವುದು ಇಷ್ಟು. ಬದುಕಿದವರ ಪಾತ್ರ ಮಾಡುವ ನಟನ ನಿಜವಾದ ಕೆಲಸ ಶುರುವಾಗುವುದು ದಾಖಲೆ ಮುಗಿದಲ್ಲಿ. ಕ್ಯಾಮೆರಾ ಇಲ್ಲದ ಕೋಣೆಯಲ್ಲಿ, ಯಾರೂ ಬರೆದಿಡದ ಮಾತಿನಲ್ಲಿ, ಆ ವ್ಯಕ್ತಿ ಒಬ್ಬರೇ ಇದ್ದಾಗಿನ ಮುಖದಲ್ಲಿ ಅದು ನಡೆಯುತ್ತದೆ. ಈ ಮಾತನ್ನು ಬೇರೆ ಊರಿನಲ್ಲಾದರೆ ತುಂಬ ವಿವರಿಸಬೇಕಾಗುತ್ತಿತ್ತೇನೋ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ, ವೇಷವಿಲ್ಲದೆ ಕುಳಿತು ಮಾತಿನಲ್ಲೇ ಯಕ್ಷಗಾನ ಪ್ರಸಂಗ ನಡೆಸುವ ತಾಳಮದ್ದಳೆ ಕೇಳಿ ಬೆಳೆದವರಿಗೆ, ಒಂದು ನೆನಪು ಹೇಳಿದರೆ ಸಾಕು.

ನನಗೆ ಹದಿನಾಲ್ಕೋ ಹದಿನೈದೋ ವಯಸ್ಸು. ಯಕ್ಷಗಾನದ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲಿನ ಒಂದು ಮಳೆಯ ರಾತ್ರಿ, ನೆಂಟರ ಮನೆಯ ಚಾವಡಿಯಲ್ಲಿ ‘ಕರ್ಣಭೇದನ’ ತಾಳಮದ್ದಳೆ. ಕರ್ಣನ ಅರ್ಥ ಹೇಳುತ್ತಿದ್ದವರು ನಮ್ಮ ಊರಿನ ಹಿರಿಯರು, ಬಿಳಿ ಪಂಚೆ, ಹೆಗಲಿಗೊಂದು ಶಾಲು, ದಪ್ಪ ಗಾಜಿನ ಕನ್ನಡಕ. ನೀನು ಕುಂತಿಯ ಮಗ ಎಂದು ಕೃಷ್ಣನು ತಿಳಿಸುವ ಘಟ್ಟ ಬಂತು. ಅವರು ಏನೂ ಹೇಳಲಿಲ್ಲ. ಕನ್ನಡಕ ತೆಗೆದು ಶಾಲಿನ ಅಂಚಿನಿಂದ ಒರೆಸತೊಡಗಿದರು. ಒಂದು ಗಾಜು ಒರೆಸಿ, ಇನ್ನೊಂದು ಗಾಜು ಒರೆಸಿ, ಮತ್ತೆ ಮೊದಲನೆಯದನ್ನೇ ಒರೆಸಿದರು. ಭಾಗವತರು ಜಾಗಟೆಯನ್ನು ಕೈಯಲ್ಲಿ ಹಿಡಿದೇ ಕಾದರು. ಹೊರಗೆ ಅಡಿಕೆ ಸೋಗೆಯ ಮೇಲೆ ಮಳೆಯ ಸದ್ದೊಂದೇ. ಕೊನೆಗೆ ಬರಿಗಣ್ಣಿನಲ್ಲಿ ಎದುರಿನವರನ್ನು ನೋಡಿ, “ಹೌದೆ?” ಎಂದರು. ಅಲ್ಲಿ ಕಿರೀಟವಿರಲಿಲ್ಲ, ಬಣ್ಣವಿರಲಿಲ್ಲ. ಕರ್ಣ ನೋಡಲು ಹೇಗಿದ್ದನೆಂದು ಹೇಳುವ ಚಿತ್ರ ಯಾರ ಬಳಿಯೂ ಇಲ್ಲ. ಆದರೂ ಆ ಚಾವಡಿಯಲ್ಲಿದ್ದವರಿಗೆ ಕರ್ಣನ ಬಗ್ಗೆ ಅನುಮಾನ ಉಳಿಯಲಿಲ್ಲ.

ವೇಷದ ಶ್ರಮವನ್ನು ಇದರಿಂದ ನಾನು ಕೀಳಾಗಿಸುತ್ತಿಲ್ಲ. ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲಿ ಬಣ್ಣದ ವೇಷದ ಮುಖಕ್ಕೆ ಗಂಟೆಗಟ್ಟಲೆ ಚುಟ್ಟಿ ಇಡುವುದನ್ನು ಕಂಡವರು ಯಾರೂ ಆ ಮಾತು ಆಡಲಾರರು. ಆದರೆ ಅಭಿನಯಕ್ಕೆ ಕೊಡುವ ಪ್ರಶಸ್ತಿ ವೇಷಕ್ಕೆ ಸಲ್ಲಬಾರದು, ಅದಕ್ಕೆ ಬೇರೆಯೇ ಪ್ರಶಸ್ತಿ ಇದೆ.

ಈಗ ಎರಡು ಆಸ್ಕರ್ ಅಭಿನಯಗಳನ್ನು ಎದುರುಬದುರು ಇಟ್ಟು ನೋಡೋಣ. ಫ್ರೆಡಿ ಮರ್ಕ್ಯುರಿಯ ಪಾತ್ರ ಮಾಡಿದ ರಾಮಿ ಮಾಲೆಕ್, 1985ರ ಜುಲೈ 13ರಂದು ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಲೈವ್ ಏಡ್ ಕಛೇರಿಯನ್ನು ಹೆಜ್ಜೆ ಹೆಜ್ಜೆಗೂ ಮರುಕಟ್ಟಿದರು. ಮೂಲದ ವಿಡಿಯೊ ಇಂದಿಗೂ ಎಲ್ಲರಿಗೂ ಸಿಗುತ್ತದೆ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಹಾಡಿನ ಧ್ವನಿ ಬಹುಪಾಲು ಮರ್ಕ್ಯುರಿಯದೇ. ಮಾಲೆಕ್ ಪಟ್ಟ ಪಾಡು ದೊಡ್ಡದು, ಸಂಶಯವಿಲ್ಲ. ಆದರೆ ನನ್ನ ಮನಸ್ಸಿನಲ್ಲಿ ನಿಂತ ದೃಶ್ಯ ಆ ಕ್ರೀಡಾಂಗಣದ್ದಲ್ಲ. ರಾತ್ರಿ ಒಬ್ಬನೇ ಇರುವ ಮರ್ಕ್ಯುರಿ, ಹತ್ತಿರದ ಮನೆಯಲ್ಲಿರುವ ಹಳೆಯ ಗೆಳತಿಗೆ ಫೋನು ಮಾಡಿ, ನಿನ್ನ ದೀಪವನ್ನು ಆರಿಸಿ ಹಚ್ಚು ಎಂದು ಕೇಳುವ ಸಣ್ಣ ಪ್ರಸಂಗ ಒಂದಿದೆ. ಆ ಕಿಟಕಿಯ ಬಳಿ ಹೋಲಿಕೆ ಹುಡುಕಲು ಯಾವ ವಿಡಿಯೊವೂ ಇಲ್ಲ, ಅಲ್ಲಿ ಮಾಲೆಕ್ ನಟರಾಗಿ ಒಬ್ಬರೇ ನಿಂತಿದ್ದಾರೆ.

ಡೇನಿಯಲ್ ಡೇ ಲೂಯಿಸ್ ಲಿಂಕನ್ ಆದದ್ದು ಬೇರೆ ಬಗೆಯ ಕೆಲಸ. ಲಿಂಕನ್ ತೀರಿಕೊಂಡದ್ದು 1865ರಲ್ಲಿ. ಎಡಿಸನ್ನನ ಫೋನೋಗ್ರಾಫ್ ಬಂದದ್ದು 1877ರಲ್ಲಿ. ಲಿಂಕನ್ನರ ದನಿಯನ್ನು ಇಂದು ಜೀವಂತವಿರುವ ಯಾರೂ ಕೇಳಿಲ್ಲ. ಆ ಎತ್ತರದ ಮೈಕಟ್ಟಿಗೆ, ಕಲ್ಲಿನ ಪ್ರತಿಮೆಯ ಗಾಂಭೀರ್ಯಕ್ಕೆ ಒಪ್ಪುವ ಗುಡುಗಿನ ಕಂಠವೊಂದನ್ನು ಜನ ತಾವೇ ಊಹಿಸಿಕೊಂಡಿದ್ದರು. ಆದರೆ ಲಿಂಕನ್ನರ ಕಾಲದವರು ಬರೆದಿಟ್ಟದ್ದನ್ನು ಓದಿದರೆ ದನಿ ತೆಳುವಾಗಿತ್ತು, ಮೇಲುಸ್ಥಾಯಿಯದಾಗಿತ್ತು ಎಂದು ತಿಳಿಯುತ್ತದೆ. ಡೇ ಲೂಯಿಸ್ ಆ ತೆಳು ದನಿಯನ್ನೇ ಆರಿಸಿಕೊಂಡರು. ಆರಿಸಿಕೊಂಡು, ಅದರಲ್ಲೇ ಹಾಸ್ಯದ ಕಥೆ ಹೇಳಿದರು, ಅದರಲ್ಲೇ ಮೇಜು ಗುದ್ದಿ ಸಿಟ್ಟಾದರು. ನೋಡುಗರ ನಿರೀಕ್ಷೆಯ ಎದುರು ಹೋಗುವ ಈ ಧೈರ್ಯಕ್ಕೆ ಸಂದ ಪ್ರಶಸ್ತಿಯನ್ನು ನಾನು ಮನಸಾರೆ ಒಪ್ಪುತ್ತೇನೆ. ಅವರಿಗೆ ಅದು ಮೂರನೆಯ ಅತ್ಯುತ್ತಮ ನಟ ಆಸ್ಕರ್.

ಆ ಚಿತ್ರದ ಚಿತ್ರಕಥೆಯೂ ನಟನಿಗೆ ಒಂದು ಉಪಕಾರ ಮಾಡಿದೆ: ಲಿಂಕನ್ನರ ಇಡೀ ಬದುಕನ್ನು ಬಿಟ್ಟು ಕೊನೆಯ ಕೆಲವು ತಿಂಗಳುಗಳನ್ನು ಮಾತ್ರ ಎತ್ತಿಕೊಂಡಿದೆ. ಇದನ್ನು ನೋಡುವಾಗಲೆಲ್ಲ ನನಗೆ ಮಂಜೇಶ್ವರದ ಗೋವಿಂದ ಪೈಗಳು ನೆನಪಾಗುತ್ತಾರೆ. ಕ್ರಿಸ್ತನ ಬಗ್ಗೆ ‘ಗೊಲ್ಗೊಥಾ’ ಬರೆದಾಗ ಅವರು ಗೋದಲಿಯಿಂದ ಶುರುಮಾಡಲಿಲ್ಲ, ಕೊನೆಯ ದಿನವನ್ನು ಹಿಡಿದರು. ಬುದ್ಧನ ಬಗ್ಗೆ ‘ವೈಶಾಖಿ’ ಬರೆದಾಗಲೂ ಬದುಕಿನ ಅಂತ್ಯವನ್ನೇ ಆರಿಸಿಕೊಂಡರು. ತೊಟ್ಟಿಲಿನಿಂದ ಚಟ್ಟದವರೆಗೆ ಎಲ್ಲವನ್ನೂ ತುಂಬಿಸಲು ಹೊರಟ ಚಿತ್ರಗಳಲ್ಲಿ ನಟನ ಅರ್ಧ ಶಕ್ತಿ ವಯಸ್ಸು ಬದಲಿಸುವುದರಲ್ಲೇ ಕಳೆದುಹೋಗುತ್ತದೆ.

ಹಾಗೆಂದು ದಾಖಲೆ ತುಂಬ ಇದ್ದರೆ ಅಭಿನಯಕ್ಕೆ ಜಾಗವೇ ಇಲ್ಲ ಎಂದು ಭಾವಿಸಬೇಡಿ. ನಟಿ ಸಾವಿತ್ರಿಯವರ ಬದುಕನ್ನು ಕುರಿತ 2018ರ ‘ಮಹಾನಟಿ’ಯಲ್ಲಿ ಕೀರ್ತಿ ಸುರೇಶ್ ಅವರಿಗಿದ್ದ ಕಷ್ಟ ಯೋಚಿಸಿ. ಸಾವಿತ್ರಿಯವರ ಚಿತ್ರಗಳು ಇಂದಿಗೂ ಮನೆಮನೆಗಳಲ್ಲಿ ಓಡುತ್ತಿವೆ, ಅವರ ಒಂದೊಂದು ಕಣ್ಣೋಟವೂ ತೆಲುಗು ತಮಿಳು ಬಲ್ಲವರಿಗೆ ಬಾಯಿಪಾಠ. 1957ರ ‘ಮಾಯಾಬಜಾರ್’ನಲ್ಲಿ ಘಟೋತ್ಕಚನು ಶಶಿರೇಖೆಯ ರೂಪ ತಾಳಿ ಕುಣಿಯುವ ಹಾಡನ್ನು ‘ಮಹಾನಟಿ’ ಮರುಕಟ್ಟಿದೆ. ‘ಕನಕಾಂಗಿ ಕಲ್ಯಾಣ’ ಪ್ರಸಂಗ ನೋಡಿದ ನಿಮಗೆ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಲದಲ್ಲಿ ಸಾವಿತ್ರಿಯವರು ಮಾಡಿದ ಚಮತ್ಕಾರವೆಂದರೆ, ಹುಡುಗಿಯ ನಾಚಿಕೆಯ ನಡುವೆ ಇದ್ದಕ್ಕಿದ್ದಂತೆ ರಾಕ್ಷಸನ ಗತ್ತು ಹೆಗಲಿನಲ್ಲಿ ಇಣುಕುವುದು, ತಕ್ಷಣ ಅದನ್ನು ಮುಚ್ಚಿಕೊಳ್ಳುವುದು. ಈಗ ಕೀರ್ತಿ ಮಾಡಬೇಕಾದ್ದು, ಶಶಿರೇಖೆಯಂತೆ ನಟಿಸುವ ಘಟೋತ್ಕಚನನ್ನು ನಟಿಸುವ ಸಾವಿತ್ರಿಯನ್ನು. ಒಂದರೊಳಗೆ ಒಂದರಂತೆ ಮೂರು ಪದರಗಳಿವೆ, ಯಾವುದು ಜಾರಿದರೂ ಅಣಕು ಪ್ರದರ್ಶನವಾಗಿಬಿಡುತ್ತದೆ. ಅದು ಜಾರದಿರಲು ಕಾರಣ, ಆ ಹುಡುಗಿಗೆ ಕುಣಿಯುವುದರಲ್ಲಿ ಇರುವ ಸಂತೋಷವನ್ನು ಕೀರ್ತಿ ಮೊದಲು ಹಿಡಿದದ್ದು. ಭಂಗಿಗಳು ಅದರ ಹಿಂದೆ ಬಂದವು. 66ನೆಯ ರಾಷ್ಟ್ರಪ್ರಶಸ್ತಿಗಳಲ್ಲಿ ಅವರು ಅತ್ಯುತ್ತಮ ನಟಿಯಾದರು. 2019ರ ಆಗಸ್ಟಿನಲ್ಲಿ ಪ್ರಕಟವಾದ ಅದೇ ಪಟ್ಟಿಯಲ್ಲಿ ಅತ್ಯುತ್ತಮ ಮಕ್ಕಳ ಚಿತ್ರವಾಗಿ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಇದ್ದುದರಿಂದ ಆ ದಿನ ನಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಸಾವಿತ್ರಿಯವರ ಪಕ್ಕದಲ್ಲಿ ನಾನು ಇನ್ನೊಬ್ಬ ನಟಿಯನ್ನು ಇಡಬೇಕು. ಮಲಯಾಳದ ಮೊದಲ ಚಿತ್ರ ‘ವಿಗತಕುಮಾರನ್’, ಅದನ್ನು ಮಾಡಿದವರು ಜೆ.ಸಿ. ಡೇನಿಯಲ್, ಅದರ ನಾಯಕಿ ಪಿ.ಕೆ. ರೋಸಿ. ದಲಿತ ಹೆಣ್ಣುಮಗಳೊಬ್ಬಳು ನಾಯರ್ ಮನೆತನದ ಹೆಣ್ಣಿನ ಪಾತ್ರ ಮಾಡಿದಳೆಂಬ ಕಾರಣಕ್ಕೆ ಮೇಲ್ಜಾತಿಯವರ ಆಕ್ರೋಶಕ್ಕೆ ಗುರಿಯಾಗಿ ಆಕೆ ತಿರುವನಂತಪುರವನ್ನೇ ಬಿಟ್ಟು ಹೋಗಬೇಕಾಯಿತು. ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಡೇನಿಯಲ್ಲರ ಬದುಕನ್ನು ಕುರಿತ ‘ಸೆಲ್ಯುಲಾಯ್ಡ್’ 2012ರ ಕೇರಳ ರಾಜ್ಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರವಾಯಿತು, ಪೃಥ್ವಿರಾಜ್ ಅತ್ಯುತ್ತಮ ನಟರಾದರು. ರೋಸಿಯಾಗಿ ಅಭಿನಯಿಸಿದವರು ಚಾಂದಿನಿ. ಕೀರ್ತಿಯವರ ಎದುರು ನೂರಾರು ಗಂಟೆಗಳ ಸಾವಿತ್ರಿ ಇದ್ದರು. ಚಾಂದಿನಿಯವರ ಎದುರು ರೋಸಿಯ ಒಂದು ನಿಮಿಷದ ಚಲಿಸುವ ಚಿತ್ರವೂ ಇರಲಿಲ್ಲ. ಇಂಥ ಪಾತ್ರ ಮಾಡಿದವರ ಜೋಡಿಚಿತ್ರವನ್ನು ಯಾವ ಪತ್ರಿಕೆಯೂ ಅಚ್ಚುಮಾಡಲಾರದು, ಏಕೆಂದರೆ ಎಡಗಡೆಯ ಚೌಕವೇ ಖಾಲಿ. ಯಾರ ಬದುಕಿನ ದಾಖಲೆ ಉಳಿಯುತ್ತದೆ, ಯಾರದು ಅಳಿಯುತ್ತದೆ ಎಂಬುದನ್ನು ಜಾತಿಯೂ ಹಣವೂ ಮೊದಲೇ ತೀರ್ಮಾನಿಸಿರುವಾಗ, ಹೋಲಿಕೆಗೆ ಮಾತ್ರ ಮನ್ನಣೆ ಕೊಡುವ ಪದ್ಧತಿ ದಾಖಲೆ ಉಳಿದವರ ಕಡೆಗೇ ವಾಲುತ್ತದೆ. ಇದು ನನ್ನನ್ನು ತುಂಬ ಕಾಡುವ ವಿಷಯ.

ಹೆಸರು ಬದಲಾಯಿಸಿದಾಗ ನಟನಿಗೆ ಸಿಗುವ ಸ್ವಾತಂತ್ರ್ಯದ ಬಗ್ಗೆ ಒಂದೇ ಮಾತು. ಎಂ.ಜಿ.ಆರ್ ಮತ್ತು ಕರುಣಾನಿಧಿಯವರ ಸ್ನೇಹ ವೈರಗಳಿಂದ ಪ್ರೇರಿತವಾದ 1997ರ ‘ಇರುವರ್’ನಲ್ಲಿ ನಮ್ಮ ಪ್ರಕಾಶ್ ರಾಜ್ ತಮಿಳ್‌ಸೆಲ್ವನ್ ಎಂಬ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಯಾರನ್ನೂ ನಕಲು ಮಾಡಬೇಕಾದ ಕಟ್ಟು ಅವರಿಗಿರಲಿಲ್ಲ. ಮಾತನ್ನೇ ಉಸಿರಾಗಿಸಿಕೊಂಡ ಒಬ್ಬ ಮನುಷ್ಯನನ್ನು, ತಮ್ಮ ತಾಯ್ನುಡಿಯಲ್ಲದ ಭಾಷೆಯಲ್ಲಿ, ಅವರು ತಾವೇ ಕಟ್ಟಿದರು.

ಕನ್ನಡದ ಮಟ್ಟಿಗೆ ನಾನು ಎಲ್ಲಕ್ಕಿಂತ ಎತ್ತರದಲ್ಲಿಡುವುದು ಸಂಚಾರಿ ವಿಜಯ್ ಅವರ ಅಭಿನಯವನ್ನು. ಟ್ರಾನ್ಸ್‌ಜೆಂಡರ್ ಮಹಿಳೆ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿ ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ ಅವಳು’ ಚಿತ್ರಕ್ಕೆ, 2015ರ ಮಾರ್ಚಿನಲ್ಲಿ ಪ್ರಕಟವಾದ 62ನೆಯ ರಾಷ್ಟ್ರಪ್ರಶಸ್ತಿಗಳಲ್ಲಿ ವಿಜಯ್ ಅತ್ಯುತ್ತಮ ನಟರಾದರು. ‘ಚೋಮನ ದುಡಿ’ಯ ಎಂ.ವಿ. ವಾಸುದೇವ ರಾವ್, ‘ತಬರನ ಕಥೆ’ಯ ಚಾರುಹಾಸನ್ ಇವರ ನಂತರ ಕನ್ನಡ ಚಿತ್ರವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಆಗಲೇ. ಅದೇ ಚಿತ್ರಕ್ಕೆ ಅತ್ಯುತ್ತಮ ಪ್ರಸಾಧನದ ಪ್ರಶಸ್ತಿಯೂ ಬಂತು. ಬಣ್ಣ ಹಚ್ಚಿದವರ ಕೆಲಸವನ್ನೂ ಬಣ್ಣದೊಳಗಿನವರ ಕೆಲಸವನ್ನೂ ತೀರ್ಪುಗಾರರು ಬೇರೆ ಬೇರೆಯಾಗಿ ನೋಡಿ, ಎರಡಕ್ಕೂ ಬೇರೆ ಬೇರೆಯಾಗಿ ಗೌರವ ಕೊಟ್ಟರು ಎಂಬುದು ನನಗೆ ಸಮಾಧಾನ ಕೊಟ್ಟ ಸಂಗತಿ.

ಗಂಡಸರು ಹೆಣ್ಣಿನ ಪಾತ್ರ ಮಾಡುವುದು ನಮಗೆ ಹೊಸದಲ್ಲ. ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷ ಕಂಡ ಸೀಮೆ ಇದು. ಆದರೆ ವಿಜಯ್ ಮಾಡಿದ್ದು ಸ್ತ್ರೀವೇಷವಲ್ಲ ಎಂಬುದನ್ನು ನಮ್ಮಷ್ಟು ಚೆನ್ನಾಗಿ ತಿಳಿಯಬಲ್ಲವರು ಕಡಿಮೆ. ಸ್ತ್ರೀವೇಷಧಾರಿ ತನ್ನ ಗಂಡುಮೈಯನ್ನು ಅಡಗಿಸಬೇಕು, ಸೀರೆಯೊಳಗೆ ಗಂಡಸು ಇದ್ದಾನೆಂಬುದು ಮರೆತುಹೋಗಬೇಕು. ವಿಜಯ್ ಎದುರಿಗಿದ್ದ ಕೆಲಸ ಇದರ ತಿರುವುಮುರುವು. ಮಾದೇಶನೆಂಬ ಹುಡುಗನಾಗಿ ಅಂಗಿ ಪ್ಯಾಂಟು ತೊಟ್ಟಾಗಲೇ, ಆ ಅಂಗಿ ಪ್ಯಾಂಟೇ ವೇಷವೆಂದು, ಒಳಗಿರುವವಳು ಬೇರೆಯೆಂದು ನಮಗೆ ಕಾಣಬೇಕಿತ್ತು. ಅದನ್ನು ದೊಡ್ಡ ಸನ್ನೆಗಳಿಂದ ತೋರಿಸಿದರೆ ಸಿನಿಮಾಗಳು ಬಹುಕಾಲದಿಂದ ಮಾಡಿಕೊಂಡು ಬಂದ ಅಪಹಾಸ್ಯದ ಸಾಲಿಗೇ ಅದು ಸೇರುತ್ತಿತ್ತು. ವಿಜಯ್ ಮೈಯನ್ನು ಸಡಿಲ ಬಿಡಲಿಲ್ಲ, ಬಿಗಿ ಹಿಡಿದರು. ಯಾರಾದರೂ ನೋಡಿಬಿಟ್ಟಾರು ಎಂಬ ಎಚ್ಚರವನ್ನು ಹೆಗಲಿನಲ್ಲಿ ಇಟ್ಟರು. ವಿದ್ಯಾ ಆದ ಮೇಲೆ ಆ ಬಿಗಿ ಇಳಿಯುತ್ತದೆ, ಮನುಷ್ಯರು ಹಗುರಾಗುವುದು ಕಣ್ಣಿಗೆ ಕಾಣುತ್ತದೆ, ಸಮಾಜದ ಕ್ರೌರ್ಯ ಮಾತ್ರ ಇಳಿಯುವುದಿಲ್ಲ. ಇಂಥ ಪಾತ್ರಗಳನ್ನು ಲೈಂಗಿಕ ಅಲ್ಪಸಂಖ್ಯಾತ ಕಲಾವಿದರೇ ಮಾಡಬೇಕು ಎಂಬ ಬೇಡಿಕೆ ಇಂದು ಬಲವಾಗಿದೆ, ಅದು ನ್ಯಾಯವಾದ ಬೇಡಿಕೆ ಎಂದೇ ನನ್ನ ಅಭಿಪ್ರಾಯ. ಅವಕಾಶವೇ ಸಿಗದವರ ಕಥೆಯನ್ನು ಅವಕಾಶವಿರುವವರು ಹೇಳುತ್ತಾ ಹೋದರೆ ರೋಸಿಯ ಕಥೆ ಇನ್ನೊಂದು ರೀತಿಯಲ್ಲಿ ಮುಂದುವರಿದಂತೆ. ಹಾಗಿದ್ದೂ ವಿಜಯ್ ಆ ಪಾತ್ರಕ್ಕೆ ಕೊಟ್ಟ ಘನತೆ ದೊಡ್ಡದು. 2021ರ ಜೂನ್‌ನಲ್ಲಿ ರಸ್ತೆ ಅಪಘಾತದಿಂದ ಅವರು ತೀರಿಕೊಂಡಾಗ ನಾವು ಕಳೆದುಕೊಂಡದ್ದೆಷ್ಟು ಎಂಬುದು ಈ ಚಿತ್ರವನ್ನು ಮತ್ತೆ ನೋಡಿದರೆ ತಿಳಿಯುತ್ತದೆ.

ಕೊನೆಯದಾಗಿ, ಈಗ ಪರದೆಯ ಮೇಲೆ ತೋರಿಸಲಿರುವ ದೃಶ್ಯದ ಬಗ್ಗೆ. ರಿಚರ್ಡ್ ಅಟೆನ್‌ಬರೊ ಅವರ 1982ರ ‘ಗಾಂಧಿ’ ಚಿತ್ರಕ್ಕೆ 8 ಆಸ್ಕರ್ ಬಂದವು, ಬೆನ್ ಕಿಂಗ್‌ಸ್ಲಿ ಅತ್ಯುತ್ತಮ ನಟರಾದರು. ಗಾಂಧೀಜಿಯ ಚಿತ್ರಗಳು, ದನಿ, ನಡಿಗೆ, ಸ್ವತಃ ಬರೆದ ಪುಟಗಳು ಎಲ್ಲವೂ ಕಿಂಗ್‌ಸ್ಲಿಯವರಿಗೆ ಸಿಕ್ಕಿದ್ದವು. ಕಸ್ತೂರಬಾ ಆದ ರೋಹಿಣಿ ಹಟ್ಟಂಗಡಿ ಆಗ ಇನ್ನೂ ಮೂವತ್ತು ದಾಟದ ರಂಗನಟಿ. ಕಸ್ತೂರಬಾ ಅವರ 74ನೆಯ ವಯಸ್ಸಿನ ಮರಣದವರೆಗೆ ಆ ಪಾತ್ರವನ್ನು ಅವರು ಒಯ್ಯಬೇಕಿತ್ತು. ಕಸ್ತೂರಬಾ ಆತ್ಮಕಥೆ ಬರೆದವರಲ್ಲ. ಅವರ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಹೆಚ್ಚಿನದು ಗಂಡನ ಬರವಣಿಗೆಯಿಂದಲೇ ತಿಳಿದದ್ದು. ಡರ್ಬಾನಿನ ಮನೆಯಲ್ಲಿ ಗುಮಾಸ್ತರೊಬ್ಬರ ಮಲಮೂತ್ರದ ಪಾತ್ರೆ ತೊಳೆಯುವ ವಿಷಯಕ್ಕೆ ಜಗಳವಾಗಿ, ಹೆಂಡತಿಯ ಕೈ ಹಿಡಿದು ಗೇಟಿನವರೆಗೆ ಎಳೆದೊಯ್ದ ಪ್ರಸಂಗವನ್ನು ಗಾಂಧೀಜಿ ಆತ್ಮಕಥೆಯಲ್ಲಿ ಪಶ್ಚಾತ್ತಾಪದಿಂದ ಬರೆದಿದ್ದಾರೆ. ಆಗ ಅವರಿಗೆ ಏನನ್ನಿಸಿತು ಎಂಬುದು ಅಲ್ಲಿದೆ. ಆಕೆಗೆ ಏನನ್ನಿಸಿತು ಎಂಬುದು ಎಲ್ಲಿಯೂ ಇಲ್ಲ.

ಚಿತ್ರ ಆ ಜಗಳವನ್ನು ಆಶ್ರಮಕ್ಕೆ ತಂದು, ಶೌಚಾಲಯ ಶುಚಿಗೊಳಿಸುವ ಸರದಿಯ ಮಾತಾಗಿ ಇಟ್ಟಿದೆ. ಎಳೆದಾಟ ಮುಗಿದ ಮೇಲೆ, ತಾನೇನು ಮಾಡಿಬಿಟ್ಟೆ ಎಂದು ಗಾಂಧಿ ಕುಸಿದಾಗ, ಕಸ್ತೂರಬಾ ಅವರನ್ನು ಕ್ಷಮಿಸುವ ಮಾತನ್ನೂ ಆಡುವುದಿಲ್ಲ, ದೂರುವ ಮಾತನ್ನೂ ಆಡುವುದಿಲ್ಲ. ನೀವೂ ಮನುಷ್ಯರೇ ಎಂಬರ್ಥದ ಒಂದು ಸಣ್ಣ ಮಾತು ಬರುತ್ತದೆ. ಹಟ್ಟಂಗಡಿ ಅದನ್ನು ಹೇಳುವ ರೀತಿಯಲ್ಲಿ ಅವಮಾನ ಇನ್ನೂ ಆರಿಲ್ಲ, ಪ್ರೀತಿ ಬತ್ತಿಲ್ಲ, ಗಂಡನಿಗಿಂತ ಗಂಡನನ್ನು ತಾನು ಚೆನ್ನಾಗಿ ಬಲ್ಲೆ ಎಂಬ ದಣಿದ ಅರಿವೂ ಇದೆ. ಇದಾವುದಕ್ಕೂ ದಾಖಲೆಯ ಆಧಾರವಿಲ್ಲ. ಆಸ್ಕರ್‌ನಲ್ಲಿ ಅವರ ಹೆಸರು ನಾಮನಿರ್ದೇಶನಕ್ಕೂ ಬರಲಿಲ್ಲ. ಬಾಫ್ಟಾ ಅವರಿಗೆ ಅತ್ಯುತ್ತಮ ಪೋಷಕ ನಟಿ ಪ್ರಶಸ್ತಿ ಕೊಟ್ಟಿತು. ದೃಶ್ಯದ ಕೊನೆಯಲ್ಲಿ, ಕಾದಿರುವ ಪತ್ರಕರ್ತನ ಬಳಿಗೆ ತಾನು ಹೋಗಬೇಕೆಂದು ಗಾಂಧಿ ಹೇಳುತ್ತಾರೆ. ತನಗೆ ಶೌಚಾಲಯದ ಕೆಲಸವಿದೆ ಎಂದು ಕಸ್ತೂರಬಾ ಹೇಳುತ್ತಾರೆ. ಆ ಮಾತು ಹೇಳುವಾಗಿನ ಮುಖವನ್ನು ನೋಡಿ. ದೀಪ ಆರಿಸಬಹುದು.